ಜಾತಕದ ಮರುಪುಟ

ತಪ್ಪು ವೇದಾವತಿಯದೇ. ಯಾರೂ ಕರೆದಿರಲಿಲ್ಲ, ಯಾರೂ ಕೇಳಿರಲಿಲ್ಲ. ತಾನಾಗಿ ಟ್ರಂಕು ತೆರೆದು, ಮದುವೆಯ ಸೀರೆಯ ಮಡಿಕೆಯೊಳಗಿಂದ ಮಗನ ಜಾತಕ ತೆಗೆದು, ಸೆರಗಿನಲ್ಲಿ ಮುಚ್ಚಿಕೊಂಡು ಜಯಲಕ್ಷ್ಮಿಯವರ ಮನೆಗೆ ಹೋದವಳು ಅವಳೇ.

ಅದು ಹಿಂದಿನ ಶ್ರಾವಣದ ಮಾತು. ನಾಸಿಕದ ಆಚೆ, ವಿಮಾನದ ಕಾರ್ಖಾನೆಗೆಂದು ಕಟ್ಟಿದ ಕಾಲೊನಿಯಲ್ಲಿ ಆಗಿನ್ನೂ ಯಾರಿಗೂ ಯಾರ ಹೆದರಿಕೆಯೂ ಇರಲಿಲ್ಲ. ಜಯಲಕ್ಷ್ಮಿಯವರ ಸೋದರಮಾವ ಮೈಸೂರಿನಿಂದ ಬಂದಿದ್ದಾರೆ, ಜಾತಕ ನೋಡುತ್ತಾರೆ ಎಂಬ ಸುದ್ದಿ ಹಾಲಿನ ಸಾಲಿನಲ್ಲಿ ನಿಂತಿದ್ದಾಗ ಕಿವಿಗೆ ಬಿದ್ದಿತ್ತು. ಅವಳು ಹೋದಾಗ ಮಾವ ಊಟ ಮುಗಿಸಿ ಮಲಗಿದ್ದರು.

"ಎಬ್ಬಿಸೋದು ಬೇಡ ವೇದಾ," ಎಂದು ಜಯಲಕ್ಷ್ಮಿ ದೇವರಗೂಡಿನ ಪಕ್ಕದಿಂದ ಹಾಡು ಬರೆದುಕೊಳ್ಳುವ ನೋಟುಬುಕ್ಕು ತಂದರು. "ಇದರಲ್ಲಿ ಬರೆದಿಟ್ಟು ಹೋಗಿ, ಸಾಯಂಕಾಲ ತೋರಿಸ್ತೀನಿ. ಮೊದಲು ನಿಮ್ಮ ಚಿದಂಬರಂದು. ಮರುಪುಟದಲ್ಲಿ ನಮ್ಮ ಕಿಟ್ಟೀದು ಬರೀತೀನಿ. ಇಬ್ಬರೂ ಹೇಗೂ ಅಂಟಿಕೊಂಡೇ ಇರ್ತಾರಲ್ಲ, ಒಂದೇ ಹಾಳೆಯಲ್ಲಿ ಬೆನ್ನಿಗೆ ಬೆನ್ನು ಕೊಟ್ಕೊಂಡಿರ್ಲಿ."

ಇಬ್ಬರೂ ನಕ್ಕರು. ವೇದಾವತಿ ಬರೆದಳು. ಜಯಲಕ್ಷ್ಮಿಯವರೂ ಬಾಯಲ್ಲಿ ಹೇಳಿಕೊಳ್ಳುತ್ತ ಬರೆದರು. ದೀಪಕ್ಕೆ ಎಣ್ಣೆ ಹಾಕಿದ ಕೈ ಅವರದು. ಹಾಳೆಯ ಮೇಲೆ ಒಂದು ಹನಿ ಬಿತ್ತು. ಶಾಯಿಯೂ ಅದರ ಜೊತೆ ಹರಡಿತು. ಗುರುಬಲ ಚೆನ್ನಾಗಿದೆ, ಹೆದರುವಂಥದ್ದೇನೂ ಇಲ್ಲ ಎಂದು ಮಾವ ಹೇಳಿದರಂತೆ. ವೇದಾವತಿ ಮೂಲ ಜಾತಕವನ್ನು ಮತ್ತೆ ಸೀರೆಯ ಮಡಿಕೆಗೆ ಸೇರಿಸಿದಳು. ನೋಟುಬುಕ್ಕು ಅಲ್ಲಿಯೇ ಉಳಿಯಿತು. ಅದು ಅಲ್ಲಿದೆ ಎಂಬುದನ್ನು ಅವಳು ಮರೆತೇಬಿಟ್ಟಳು.

ಅದನ್ನು ನೆನಪಿಗೆ ತಂದದ್ದು ಗೋಲ್ ಕಂಬ ಕಿತ್ತ ಜಗಳ.

ಕಾಲೊನಿಯ ಹುಡುಗರಿಗೆ ಫುಟ್‌ಬಾಲ್ ಹಚ್ಚಿದವನು ಮನ್ಮಥಪ್ಪ. ಬೀದರ್ ಕಡೆಯವನು, ತಗಡು ಬಡಿಯುವ ವಿಭಾಗದ ಫಿಟ್ಟರ್. ನಲವತ್ತು ದಾಟಿದ್ದರೂ ಹುಡುಗರ ಸಮಕ್ಕೆ ಓಡುವವನು. ನಾಲ್ಕು ವರ್ಷದ ಹಿಂದೆ ಚಿಂದಿ ಸುತ್ತಿದ ಚೆಂಡಿನಿಂದ ಶುರುಮಾಡಿ, ಶಿಫ್ಟಿಗೆ ಹೋಗುವ ಮೊದಲೇ ಹುಡುಗರನ್ನು ಎಬ್ಬಿಸಿ, ಮೈದಾನದ ಕಲ್ಲು ಆರಿಸಿ ಕ್ಲಬ್ಬು ಕಟ್ಟಿದ್ದ. ಜಾಗಕ್ಕೆ ಪರವಾನಗಿ ಬೇಕಾಯಿತು, ಕಂಬಕ್ಕೆ ಕಬ್ಬಿಣದ ಪೈಪು ಬೇಕಾಯಿತು. ಅವನ್ನು ಕೊಡಿಸಬಲ್ಲವರು ಎಂಜಿನಿಯರ್ ನಾರಾಯಣಸ್ವಾಮಿಯವರು, ಜಯಲಕ್ಷ್ಮಿಯವರ ಯಜಮಾನರು. ಅವರು ಅಧ್ಯಕ್ಷರಾದರು. ಮನ್ಮಥಪ್ಪ ಕಾರ್ಯದರ್ಶಿ, ಕೋಚು, ಚೆಂಡಿಗೆ ಗಾಳಿ ತುಂಬುವವನು, ಎಲ್ಲವೂ. ಕಲಿಸುವವನೊಬ್ಬ, ಕೊಡಿಸುವವರೊಬ್ಬರು. ಮೂರು ವರ್ಷ ಸರಿಯಾಗಿಯೇ ನಡೆಯಿತು.

ದಸರೆಯ ಹೊತ್ತಿಗೆ ನಾಯಕನನ್ನು ಆರಿಸುವ ಮಾತು ಬಂತು. ಕಿಟ್ಟಿ ಆಗಬೇಕೆಂದು ನಾರಾಯಣಸ್ವಾಮಿಯವರ ಮನಸ್ಸು. ಮನ್ಮಥಪ್ಪ ಕ್ಯಾಂಟೀನಿನ ಅಡಿಗೆಯವನ ಮಗನನ್ನು ನಾಯಕನನ್ನಾಗಿ ಮಾಡಿದ.

"ಯಾವ ಆಧಾರದ ಮೇಲೆ?" ಎಂದು ಸಭೆಯಲ್ಲಿ ನಾರಾಯಣಸ್ವಾಮಿಯವರು ಕೇಳಿದರು.

"ಕಿಟ್ಟಿ ಛಲೋ ಓಡ್ತಾನ್ರಿ ಸಾಹೇಬ್ರ. ಆದ್ರ ಬಗಲಾಗ ಯಾರದಾರ ಅಂತ ನೋಡಂಗಿಲ್ಲ. ನಾಯಕ ಆದಾವ ನೋಡಬೇಕಾಗ್ತದ."

"ಅಧ್ಯಕ್ಷ ಯಾರು ಅನ್ನೋದನ್ನ ಕಾರ್ಯದರ್ಶಿಯೂ ನೋಡಬೇಕಾಗ್ತದೆ."

ಮನ್ಮಥಪ್ಪ ಅಲ್ಲಿಗೆ ಸುಮ್ಮನಾಗಬಹುದಿತ್ತು. ಆದರೆ ಬಾಯಿ ತಡೆಯಲಿಲ್ಲ. "ಗೋಲ್ ಕಂಬ ನಿಮ್ಮವು ಸಾಹೇಬ್ರ. ಹುಡುಗ್ರು ನಮ್ಮವ್ರು," ಎಂದುಬಿಟ್ಟ. ಕೆಲವರು ನಕ್ಕರು. ಆ ನಗೆಯೇ ಕೇಡಾಯಿತು. ಮರುದಿನ ಹುಡುಗರು ಮೈದಾನಕ್ಕೆ ಹೋದರೆ ಕಂಬಗಳಿದ್ದ ಕಡೆ ನಾಲ್ಕು ಕುಳಿಗಳಿದ್ದವು.

ಆ ದಿನದಿಂದ ಒಂದು ಕ್ಲಬ್ಬು ಎರಡಾಯಿತು. ಒಂದೇ ಬಣ್ಣದ ಜರ್ಸಿ ತೊಟ್ಟ ಹುಡುಗರು ಮೈದಾನದ ಆ ತುದಿಯಲ್ಲಿ ಹನ್ನೆರಡು, ಈ ತುದಿಯಲ್ಲಿ ಹದಿಮೂರು. ಹಾಲಿನ ಸಾಲಿನಲ್ಲಿ ಹೆಂಗಸರು ಮುಖ ನೋಡದೆ ಪಾತ್ರೆ ಮುಂದೆ ಸರಿಸತೊಡಗಿದರು. ಶಾಲೆಯ ಬಸ್ಸಿನಲ್ಲಿ ಕಿಟ್ಟಿ ಮುಂದೆ, ಚಿದಂಬರ ಹಿಂದೆ. ಚಿದಂಬರ ಮನ್ಮಥಪ್ಪನ ತಂಡದ ಗೋಲಿ. ಎರಡು ವರ್ಷದಿಂದ ಅವನು ಗೋಲಿನಲ್ಲಿ ನಿಂತರೆ ಮುಂದೆ ನಿಲ್ಲುತ್ತಿದ್ದವನು ಕಿಟ್ಟಿಯೇ. ಈಗ ಒಂದು ಸಂಜೆ ಹುಡುಗ ಒಡೆದ ತುಟಿ ಹೊತ್ತು ಮನೆಗೆ ಬಂದ.

"ಯಾರು ಹೊಡದ್ರೋ?"

"ಕುಣೀ ನಾಹೀ, ಆಯಿ. ಯಾರೂ ಇಲ್ಲ, ಬಿದ್ದೆ." ಅವನು ಮನೆಯ ಕನ್ನಡವನ್ನೂ ಬೀದಿಯ ಮರಾಠಿಯನ್ನೂ ಕಲಸಿಯೇ ಮಾತಾಡುವವನು. ತಟ್ಟೆಯ ಮುಂದೆ ಕೂತು, ಭಕ್ರಿ ಮುರಿದು ಮುರಿದು ಗುಬ್ಬಿಗೆ ಹಾಕುವಷ್ಟು ಸಣ್ಣ ಮಾಡಿ, ಹಾಗೆಯೇ ಬಿಟ್ಟು ಎದ್ದ. ಸ್ವಲ್ಪ ಹೊತ್ತಿನ ಮೇಲೆ ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಕಿಟ್ಟಿ ನೋಡ್ಕೋತ ನಿಂತಿದ್ದ, ಆಯಿ. ಏನೂ ಅನ್ನಲಿಲ್ಲ," ಎಂದ.

ಡಿಸೆಂಬರಿನಲ್ಲಿ ಔರಂಗಾಬಾದಿನ ಪಂದ್ಯಾವಳಿಯ ಅರ್ಜಿಗಳು ಬಂದವು. ಹದಿನಾರು ವರ್ಷದೊಳಗಿನ ಹುಡುಗರಿಗೆ. ೧೯೫೪ರ ಜನವರಿ ಒಂದರಂದು ಅಥವಾ ಅದರ ನಂತರ ಹುಟ್ಟಿರಬೇಕು. ಎರಡು ಪಂಗಡದವರೂ ಬೇರೆ ಬೇರೆ ಅರ್ಜಿ ಹಾಕಿದರು. ಅಲ್ಲಿಯವರಿಗೆ ಇಲ್ಲಿಯ ಜಗಳ ಬೇಡವಾಗಿತ್ತು. ಎರಡು ತಂಡವೆಂದೇ ಬರೆದುಕೊಂಡರು. ಹುಡುಗನ ಹುಟ್ಟಿದ ತಾರೀಖು ಸರಿಯೆಂದು ತಂದೆ ಸಹಿ ಹಾಕಬೇಕು. ಮನ್ಮಥಪ್ಪ ಕಾಗದ ಹಿಡಿದು ಮನೆಗೆ ಬಂದಾಗ ವೇದಾವತಿಯ ಗಂಡ ಗುರುನಾಥ ಚಹಾ ಕುಡಿಯುತ್ತಿದ್ದ.

"ಚಿದಂಬರಂದು ಯಾವ ತಾರೀಖ್ರಿ?"

"ಜೂನ್ ಒಂದು. ಐವತ್ನಾಕು."

ಮನ್ಮಥಪ್ಪ ಹೋ ಎಂದು ನಕ್ಕ. "ಇದು ಆರನೇದು ನೋಡ್ರಿ ಅಕ್ಕಾರ! ನಂದೂ ಜೂನ್ ಒಂದ. ನಮ್ಮ ಶಾಪಿನ್ಯಾಗ ಅರ್ಧ ಮಂದಿ ಜೂನ್ ಒಂದಕ್ಕ ಹುಟ್ಟ್ಯಾರ. ಅವತ್ತ ಸೂಲಗಿತ್ತಿಯರಿಗೆ ನೀರು ಕುಡಿಯಾಕೂ ಪುರುಸೊತ್ತು ಸಿಕ್ಕಿರಲಿಕ್ಕಿಲ್ಲ!"

ವೇದಾವತಿಯೂ ನಕ್ಕಳು. ಗದಗಿನ ಮಾಸ್ತರರು ಶಾಲೆಗೆ ಹೆಸರು ಹಚ್ಚುವಾಗ, 'ಜೂನ್ ಒಂದು ಬರೀತೀನಿ, ಲೆಕ್ಕಕ್ಕ ಹಗುರ, ಮುಂದ ನೌಕರಿಗೂ ಆರು ತಿಂಗಳ ಲಾಭ' ಎಂದಿದ್ದರು. ಎಲ್ಲರ ಮಕ್ಕಳಿಗೂ ಹಾಗೆಯೇ ಬರೆಯುತ್ತಿದ್ದರು. ಅದು ಶಾಲೆಯ ಹುಟ್ಟು. ಮನೆಯ ಹುಟ್ಟು ಬೇರೆ: ಕಾರ್ತಿಕ ಶುದ್ಧ ದ್ವಾದಶಿ, ತುಳಸಿ ಲಗ್ನದ ದಿನ. ಪ್ರತಿ ವರ್ಷ ಆ ದಿನ ಅವಳು ಪಾಯಸ ಮಾಡಿ ಮಗನಿಗೆ ಆರತಿ ಎತ್ತುವಳು. ಎರಡು ಹುಟ್ಟುಗಳು ಎರಡು ದಾರಿ ಹಿಡಿದು ಹೋಗುತ್ತಿದ್ದವು. ಒಂದನ್ನೊಂದು ಸಂಧಿಸಬೇಕಾದ ಪ್ರಸಂಗವೇ ಬಂದಿರಲಿಲ್ಲ. ಗುರುನಾಥ ಸಹಿ ಹಾಕಿದ.

ಹೊಸ ವರ್ಷದ ಮೊದಲ ವಾರ ಗುರುನಾಥ ಕಾರ್ಖಾನೆಯಿಂದ ಬಂದವನು ಅಂಗಿ ಬಿಚ್ಚದೆ ಹಾಗೆಯೇ ಕೂತ. ಅವನು ಕ್ಲಾರ್ಕು, ನಾರಾಯಣಸ್ವಾಮಿಯವರ ವಿಭಾಗದಲ್ಲಿಯೇ. ಬಂದು ಎರಡು ವರ್ಷ; ಮಾರ್ಚಿಗೆ ಕಾಯಂ ಆಗಬೇಕು. ಕಾಯಂ ಆಗದಿದ್ದರೆ ನೌಕರಿಯೂ ಇಲ್ಲ, ಈ ಕ್ವಾರ್ಟರ್ಸೂ ಇಲ್ಲ.

"ಇವತ್ತ ಸಾಹೇಬ್ರು ಕರದ್ರು," ಎಂದ. "ಫೈಲು ನೋಡ್ತಾ ನೋಡ್ತಾನ, ನಿಮ್ಮ ಮಗ ಹುಟ್ಟಿದ್ದು ಯಾವಾಗ ಗುರುನಾಥ್, ಅಂತ ಕೇಳಿದ್ರು. ಜೂನ್ ಒಂದು ಅಂದೆ. ಹೂಂ ಅಂದ್ರು. ಮತ್ತೇನೂ ಅನ್ನಲಿಲ್ಲ. ಮನ್ಮಥಪ್ಪನ ತಂಡದ ಹುಡುಗ್ರದು ಒಬ್ಬೊಬ್ಬರದೂ ವಯಸ್ಸು ಕೆದಕಲಿಕ್ಕೆ ಹತ್ಯಾರಂತ."

ವೇದಾವತಿಯ ಕೈಯಲ್ಲಿ ಚಹಾದ ಬಟ್ಟಲಿತ್ತು. ಆ ಗಳಿಗೆಯಲ್ಲಿ ಅವಳ ಕಣ್ಣಿಗೆ ಕಟ್ಟಿದ್ದು ದೇವರಗೂಡು. ಅದರ ಪಕ್ಕದಲ್ಲಿ ನೋಟುಬುಕ್ಕು. ನೋಟುಬುಕ್ಕಿನಲ್ಲಿ ತನ್ನದೇ ಕೈಬರಹ. ವಿಜಯ ಸಂವತ್ಸರ, ಕಾರ್ತಿಕ ಮಾಸ. ಬೆರಳು ಮಡಿಸಿ ಎಣಿಸಿದಳು. ಐವತ್ಮೂರರ ನವೆಂಬರು. ವಯಸ್ಸಿನ ಮಿತಿಗಿಂತ ಒಂದೂವರೆ ತಿಂಗಳು ಹೆಚ್ಚು.

"ಅಲ್ರಿ," ಎಂದಳು. ಬಟ್ಟಲು ಕೆಳಗಿಟ್ಟು ಜಾತಕ ಬರೆದಿಟ್ಟು ಬಂದದ್ದನ್ನು ಹೇಳಿದಳು.

ಕೇಳುತ್ತ ಕೇಳುತ್ತ ಗುರುನಾಥನ ಮುಖದ ಬಣ್ಣ ಸುಣ್ಣದ ಗೋಡೆಯಾಯಿತು. ಎದ್ದು ಕಿಟಕಿ ಮುಚ್ಚಿದ. ಪಕ್ಕದ ಮನೆಯ ಶಾಂತಾಬಾಯಿಗೆ ಕನ್ನಡ ಬರುವುದಿಲ್ಲವೆಂದು ಗೊತ್ತಿದ್ದರೂ ಪಿಸುದನಿಯಲ್ಲಿ ಹೇಳಿದ: "ನಾ ಸಹಿ ಮಾಡೀನಿ. ಖೋಟಿ ಸಹಿ ಅಂತ ಒಂದು ಪತ್ರ ಬಂದ್ರ ಸಾಕು. ಮಾರ್ಚ್ ಮಟ ಯಾರೂ ಕಾಯೂದಿಲ್ಲ."

"ಚಿದಂಬರನ್ನ ಕಳಸೂದು ಬ್ಯಾಡ."

"ಈಗ ಬಿಡಿಸಿದ್ರ ಯಾಕ ಬಿಡಿಸಿದ್ರು ಅಂತ ಕೇಳ್ತಾರ. ಬಾಯಿ ಬಿಡಬ್ಯಾಡ. ಮನ್ಮಥಪ್ಪನ ಮುಂದ ಸುದ್ದಾ." ಇಷ್ಟು ಹೇಳಿ ಅಂಗಿ ಬಿಚ್ಚಲು ಹೊರಟವನು ಗುಂಡಿಯ ಮೇಲೆ ಕೈಯಿಟ್ಟು ಹಾಗೆಯೇ ನಿಂತುಬಿಟ್ಟ.

ಅಂದಿನಿಂದ ವೇದಾವತಿಗೆ ಎಲ್ಲ ಸದ್ದೂ ತಮ್ಮ ಬಾಗಿಲಿಗೇ ಬರುವ ಸದ್ದಾಯಿತು. ಅಂಚೆಯವನ ಸೈಕಲ್ಲು, ಕಾರ್ಖಾನೆಯ ಸೈರನ್ನು, ಮೆಟ್ಟಿಲ ಮೇಲೆ ಬೂಟು. ತಲೆಯ ಮೇಲೆ ವಿಮಾನ ಹಾರಿದರೆ, ಅದರೊಳಗೆ ಕೂತವರೂ ಹಾಳೆ ಓದುತ್ತಿದ್ದಾರೋ ಎನ್ನುವಂತೆ ತಲೆ ತಗ್ಗಿಸುವಳು. ದೇವರ ಮುಂದೆ ಕೂತರೆ ಬಾಯಿಗೆ ಬಂದ ಪದ್ಯ ಅರ್ಧದಲ್ಲಿ ತಪ್ಪುವುದು. ಒಂದು ಸಮಾಧಾನವಿತ್ತು: ಇಲ್ಲಿ ಕನ್ನಡ ಅಕ್ಷರ ಬಲ್ಲವರು ಎಷ್ಟು ಮಂದಿ? ಆದರೆ ಆ ಸಮಾಧಾನದ ಬೆನ್ನಿಗೇ ಭಯವೂ ಇತ್ತು. ನೋಟುಬುಕ್ಕು ಇರುವುದು ಆ ಅಕ್ಷರ ಬಲ್ಲವರ ಮನೆಯಲ್ಲಿಯೇ. ಪರವೂರಿನಲ್ಲಿ ಸಿಕ್ಕ ತನ್ನ ಭಾಷೆಯವರೆಂದು ಬಾಗಿಲು ತೆರೆದ ಮನೆ ಅದು.

ಸಂಕ್ರಾಂತಿ ಬಂತು. ವೇದಾವತಿ ಕುಸುರೆಳ್ಳು ಮಾಡಿದಳು. ಆ ವರ್ಷ ಕಾಲೊನಿಯಲ್ಲಿ ಎಳ್ಳು ಕೂಡ ಎರಡು ಪಂಗಡವಾಗಿತ್ತು. ಇವರು ಅವರ ಮನೆಗೆ ಹೋಗರು, ಅವರು ಇವರ ಮನೆಗೆ ಬಾರರು. "ತಿಳಗುಳ ಘ್ಯಾ, ಗೋಡ ಬೋಲಾ," ಎಳ್ಳುಬೆಲ್ಲ ತಿಂದು ಸಿಹಿ ಮಾತಾಡಿ, ಎಂದು ಎಳ್ಳುಂಡೆ ಕೊಡಲು ಬಂದ ಶಾಂತಾಬಾಯಿ, "ಈ ವರ್ಷ ಸಿಹಿ ಮಾತಾಡಲಿಕ್ಕೆ ಇಲ್ಲಿ ಉಳಿದವರು ಯಾರವ್ವ?" ಎಂದು ತನ್ನ ಮರಾಠಿಯಲ್ಲಿ ನಕ್ಕು ಹೋದಳು. ವೇದಾವತಿ ಗಟ್ಟಿ ಮನಸ್ಸು ಮಾಡಿ ಬಟ್ಟಲು ಹಿಡಿದು ಜಯಲಕ್ಷ್ಮಿಯವರ ಮನೆಗೆ ಹೊರಟಳು. ಎಳ್ಳು ನೆಪ. ಆ ಹಾಳೆ ಕೊಡಿ ಎಂದು ಕಾಲು ಹಿಡಿಯಲಿಕ್ಕೂ ಸಿದ್ಧಳಾಗಿದ್ದಳು.

ಬಾಗಿಲು ಒಂದು ಗೇಣು ತೆರೆಯಿತು. ಜಯಲಕ್ಷ್ಮಿಯವರ ಅರ್ಧ ಮುಖ ಕಂಡಿತು.

"ಜಯಕ್ಕ, ಎಳ್ಳು..."

"ಕೊಡಿ," ಎಂದು ಕೈ ಹೊರಬಂತು. ಆ ಕೈ ನಡುಗುತ್ತಿತ್ತು. ಕುಸುರೆಳ್ಳು ನಾಲ್ಕು ಹೊಸ್ತಿಲ ಮೇಲೆ ಚೆಲ್ಲಿದವು. "ಒಳಗೆ ಬನ್ನಿ ಅನ್ನೋ ಹಾಗಿಲ್ಲ ವೇದಾ. ಅವರು ಇದ್ದಾರೆ. ನೀವು... ನೀವು ಯಾರ ಹತ್ರಾನೂ ಏನೂ ಹೇಳಿಲ್ಲ ತಾನೆ?"

"ನಾ ಏನ ಹೇಳಲಿ?"

"ಹೋಗಿ ಹಾಗಿದ್ರೆ." ಬಾಗಿಲು ಮುಚ್ಚಿತು.

ಕೋಪದ ನಡುಕ ಎಂದುಕೊಂಡಳು ವೇದಾವತಿ. ನಿಮ್ಮದು ನಮಗೆ ಗೊತ್ತಿದೆ, ಬಾಯಿ ಮುಚ್ಚಿಕೊಂಡಿರಿ ಎಂಬ ಎಚ್ಚರಿಕೆ ಎಂದುಕೊಂಡಳು. ಹೆದರಿದವರ ಕಿವಿಗೆ ಕೇಳುವುದು ತಮ್ಮ ಎದೆಯ ಬಡಿತ ಮಾತ್ರ.

ಜನವರಿಯ ಕೊನೆಯಲ್ಲಿ ಔರಂಗಾಬಾದಿಗೆ ಹೊರಟರು. ಗುರುನಾಥನಿಗೆ ರಜೆ ಕೇಳಲು ಧೈರ್ಯವಿರಲಿಲ್ಲ. ಅಲ್ಲಿಗೆ ಹತ್ತಿರದ ವೇರೂಳಿನ ಘೃಷ್ಣೇಶ್ವರನಿಗೆ ಹರಕೆಯಿದೆ ಎಂದು ಹೇಳಿಕೊಂಡು ವೇದಾವತಿಯೇ ಮಗನ ಜೊತೆ ಹೊರಟಳು. ಮನೆಯಲ್ಲಿ ಕೂತು ಕಾಯುವುದು ಅವಳಿಂದ ಆಗುತ್ತಿರಲಿಲ್ಲ. ಒಂದೇ ಸರಕಾರಿ ಬಸ್ಸು: ಮುಂದಿನ ಸೀಟುಗಳಲ್ಲಿ ಅಧ್ಯಕ್ಷರ ಹುಡುಗರು, ನಾರಾಯಣಸ್ವಾಮಿಯವರು, ಜಯಲಕ್ಷ್ಮಿ, ಹಿಂದೆ ಮನ್ಮಥಪ್ಪ, ಅವನ ಹುಡುಗರು, ವೇದಾವತಿ. ಚಿದಂಬರನ ಕಣ್ಣು ದಾರಿಯುದ್ದಕ್ಕೂ ಕಿಟ್ಟಿಯ ತಲೆಯ ಹಿಂಭಾಗದ ಮೇಲಿತ್ತು. ಯೇವಲೆ ಊರು ದಾಟಿದ ಮೇಲೆ ಮನ್ಮಥಪ್ಪ ಹೊರಳಿ ಕೇಳಿದ: "ಯಾಕ್ರೀ ಅಕ್ಕಾರ, ಮುಂಜಾನಿಂದ ಒಂದ ಗುಟುಕು ನೀರೂ ಕುಡದಿಲ್ಲ? ಸೋತ್ರ ಸೋಲ್ತೀವಿ, ಅದಕ್ಯಾಕ ಇಷ್ಟು ಹೆದರಿಕಿ?"

ಹೇಳಿಬಿಡಬೇಕೆಂದು ತುಟಿಯವರೆಗೆ ಬಂತು. ಗಂಡನ ಮಾತು ನೆನಪಾಗಿ ನುಂಗಿದಳು.

ಕ್ರೀಡಾಂಗಣದ ಎದುರಿಗೇ ಮುದ್ದಣ್ಣನ ಹೋಟೆಲು. ಕುಂದಾಪುರದ ಕಡೆಯವನು, ಮಹಡಿಯ ದೊಡ್ಡ ಕೋಣೆಯನ್ನು ಎರಡೂ ತಂಡಕ್ಕೆ ಬಿಟ್ಟುಕೊಟ್ಟ. "ಎಂತ ಮಾರಾಯ್ರೆ, ಒಂದೇ ಕಾಲೊನಿಯ ಮಕ್ಕಳಿಗೆ ಎರಡು ಪಂಕ್ತಿ? ಇಡ್ಲಿಗೆ ಪಕ್ಷ ಉಂಟಾ?" ಎಂದು ಬಡಿಸುವಾಗ ನಗಿಸಲು ನೋಡಿದ. ಹುಡುಗರು ನಗಲಿಲ್ಲ. ಮೊದಲ ದಿನ ಎರಡೂ ತಂಡ ಗೆದ್ದವು. ಎರಡನೆಯ ದಿನದ ಪಂದ್ಯ ಆ ಎರಡು ತಂಡಗಳಿಗೇ ಬಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಪಂದ್ಯ. ಎಂಟಕ್ಕೆ ಮೈದಾನದ ಪಕ್ಕದ ಡೇರೆಯಿಂದ ಕರೆ ಬಂತು: ಗೋಲಿ ಚಿದಂಬರನ ಪೋಷಕರು ಬರಬೇಕು.

ವೇದಾವತಿ ಮನ್ಮಥಪ್ಪನ ಜೊತೆ ಹೋದಾಗ ಡೇರೆಯೊಳಗೆ ಮೇಜಿನ ಹಿಂದೆ ಪಂದ್ಯಾವಳಿಯ ಕಾರ್ಯದರ್ಶಿ ವೈಜನಾಥ ಗುರುಜಿ ಕೂತಿದ್ದರು, ನಿವೃತ್ತ ಶಾಲಾಮಾಸ್ತರರು, ತಲೆಗೆ ಬಿಳಿ ಟೋಪಿ. ಎದುರಿಗೆ ನಾರಾಯಣಸ್ವಾಮಿಯವರು. ಅವರ ಹಿಂದೆ ಜಯಲಕ್ಷ್ಮಿ, ಡೇರೆಯ ಹಗ್ಗ ಹಿಡಿದುಕೊಂಡು. ಮೇಜಿನ ಮೇಲೆ ನೋಟುಬುಕ್ಕು.

ಇಷ್ಟು ದಿನ ವೇದಾವತಿಯ ಎದೆಯೊಳಗಿದ್ದದ್ದು ಈಗ ಮೇಜಿನ ಮೇಲೆ, ಸೂರ್ಯನ ಬೆಳಕಿನಲ್ಲಿ ಬಿದ್ದಿತ್ತು.

"ನಾನು ವೈಯಕ್ತಿಕವಾಗಿ ಹೇಳ್ತಿಲ್ಲ," ಎಂದು ನಾರಾಯಣಸ್ವಾಮಿಯವರು ಕನ್ನಡದಲ್ಲಿ ಹೇಳಿ, ಅದನ್ನೇ ಹಿಂದಿಯಲ್ಲಿಯೂ ಹೇಳಿದರು. "ನಿಯಮ ಅಂದ್ರೆ ನಿಯಮ. ನಿನ್ನೆ ಸಾಯಂಕಾಲ ನನ್ನ ಹೆಂಡತಿಯ ಚೀಲದಲ್ಲಿ ಸಿಕ್ಕಿತು. ಹುಡುಗನ ತಾಯಿಯೇ ಬರೆದ ಜಾತಕ. ತಂದೆ ಕೊಟ್ಟಿರೋ ತಾರೀಖು ಸುಳ್ಳು."

ಗುರುಜಿ ನೋಟುಬುಕ್ಕನ್ನು ಹತ್ತಿರ, ದೂರ ಹಿಡಿದು ನೋಡಿದರು. ಗುಂಡುಗುಂಡು ಅಕ್ಷರ, ಅವರಿಗೆ ಒಂದೂ ತಿಳಿಯಲಿಲ್ಲ. ದೂರು ಕೊಟ್ಟವರು ಓದುವ ಹಾಗಿಲ್ಲ, ಮನ್ಮಥಪ್ಪ ಓದುವ ಹಾಗೂ ಇಲ್ಲ. ಎದುರಿನ ಹೋಟೆಲಿನಿಂದ ಮುದ್ದಣ್ಣನನ್ನು ಕರೆಸಿದರು. ಅವನು ಕೈ ಒರೆಸಿಕೊಳ್ಳುತ್ತ ಬಂದು, ಕನ್ನಡಕ ಏರಿಸಿ, ಹಾಳೆ ನೋಡಿದ. ಆಮೇಲೆ ವೇದಾವತಿಯ ಮುಖ ನೋಡಿದ. ಆ ಮುಖದಲ್ಲಿ ಅವನು ಏನು ಕಂಡನೋ.

"ಕಾರ್ತಿಕ ಶುದ್ಧ ದ್ವಾದಶಿ ಅಂತ ಉಂಟು," ಎಂದು ನಿಧಾನವಾಗಿ ಹೇಳಿದ. "ಸಂವತ್ಸರದ ಜಾಗದಲ್ಲಿ ಎಣ್ಣೆ ಬಿದ್ದು ಶಾಯಿ ಹರಡಿದೆ, ಮಾರಾಯ್ರೆ. ಯಾವ ವರ್ಷ ಅಂತ ನನಗೆ ಸಮ ಕಾಣುವುದಿಲ್ಲ. ಬರೆದ ಅಮ್ಮ ಇಲ್ಲಿಯೇ ಇದ್ದಾರಲ್ಲ, ಅವರನ್ನೇ ಕೇಳಿ."

ಎಣ್ಣೆ ಬಿದ್ದದ್ದು ನಿಜ. ಓದಲಾಗದಷ್ಟು ಬಿದ್ದಿರಲಿಲ್ಲ. ಬಾಗಿಲು ತೆರೆದಿಟ್ಟು ಪಕ್ಕಕ್ಕೆ ಸರಿದು ನಿಂತಿದ್ದಾನೆ ಈ ಪರವೂರಿನ ಪುಣ್ಯಾತ್ಮ ಎಂದು ವೇದಾವತಿಗೆ ತಿಳಿಯಿತು. ಮುಂದಿನ ವರ್ಷದ ಹೆಸರು ಹೇಳಿದರೆ ಮುಗಿಯಿತು. ಒಂದೇ ಮಾತು.

ಗುರುಜಿ ಅವಳನ್ನು ನೋಡಿ, "ಘಾಬರೂ ನಕಾ, ಬಾಈ," ಎಂದರು. ಹೆದರಬೇಡಿ, ನಿಮ್ಮ ಮಗ ಹುಟ್ಟಿದ ವರ್ಷ ಹೇಳಿ. ಆಮೇಲೆ, ಹೇಳಲೇಬೇಕಾದ್ದೆಂಬಂತೆ ಸೇರಿಸಿದರು: ಸಹಿ ಸುಳ್ಳಾದರೆ ತಂದೆಯ ಕಾರ್ಖಾನೆಗೆ ತಿಳಿಸಬೇಕಾಗುತ್ತದೆ, ನಿಯಮ ಹಾಗಿದೆ.

"ತಾರೀಖು ನಾ ತುಂಬೀನಿ ಗುರುಜಿ!" ಎಂದು ಮನ್ಮಥಪ್ಪ ಮುಂದೆ ಬಂದ. "ತಪ್ಪು ನಂದು. ಅವರ ಯಜಮಾನ್ರಿಗೆ ಏನೂ ಗೊತ್ತಿಲ್ಲ."

"ಸಹಿ ತಂದೆಯದು," ಎಂದರು ನಾರಾಯಣಸ್ವಾಮಿಯವರು.

ಗದಗಿನ ಬಳಿಯ ಹಳ್ಳಿಯಲ್ಲಿ, ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ವೇದಾವತಿಯ ತಂದೆ ಸಂಜೆ ಕಾವ್ಯ ಓದುತ್ತಿದ್ದರು. ದೀಪ ಹಿಡಿದು ಪಕ್ಕದಲ್ಲಿ ಕೂರುವುದು ಅವಳ ಕೆಲಸ. ಒಂದು ಅಕ್ಷರ ತಪ್ಪಿದರೂ ಪದ್ಯವನ್ನು ಮೊದಲಿನಿಂದ ಹಿಡಿಯುವರು. ಕೇಳುತ್ತಿದ್ದವರಿಗೆ ತಪ್ಪಿದ್ದು ತಿಳಿಯದಿದ್ದರೂ ಸರಿಯೆ. 'ತಪ್ಪು ಹೇಳಿದ ಪದ್ಯ ಕೇಳಿದವರ ಕಿವ್ಯಾಗ ಹಂಗ ಉಳೀತದ, ಮಗಳ. ತೊಳೀಲಿಕ್ಕೆ ಬರೂದಿಲ್ಲ.' ಡೇರೆಯ ಹೊರಗೆ ಚಿದಂಬರ ನಿಂತಿದ್ದ. ಅವನ ನೆರಳು ಬಟ್ಟೆಯ ಮೇಲೆ ಬಿದ್ದಿತ್ತು. ಕೇಳುವ ಕಿವಿ ಅವನದು. ವರ್ಷ ವರ್ಷ ಪಾಯಸ ಉಂಡವನು ಅವನು.

"ವಿಜಯ ಸಂವತ್ಸರ," ಎಂದಳು. "ಐವತ್ಮೂರು. ತುಳಸಿ ಲಗ್ನದ ದಿನ."

ಮುದ್ದಣ್ಣ ಕನ್ನಡಕ ತೆಗೆದ. ಗುರುಜಿ ನಿಟ್ಟುಸಿರು ಬಿಟ್ಟು ಪೆನ್ನಿನ ಮುಚ್ಚಳ ತಿರುಗಿಸಿದರು. ವೇದಾವತಿ ನೋಟುಬುಕ್ಕನ್ನು ಮುಚ್ಚಲೆಂದು ಕೈಗೆತ್ತಿಕೊಂಡಳು. ಅವಳ ಬೆರಳು ಹಾಳೆಯ ಅಂಚಿಗೆ ತಾಗಿದಾಗ, ಆರು ತಿಂಗಳ ಹಿಂದಿನ ಮಧ್ಯಾಹ್ನ ಕಿವಿಯಲ್ಲಿ ಸುಮ್ಮನೆ ಉಳಿದಿದ್ದ ದನಿಯೊಂದು ಎದ್ದು ಬಂತು: ಜಯಲಕ್ಷ್ಮಿಯವರು ಬಾಯಲ್ಲಿ ಹೇಳಿಕೊಳ್ಳುತ್ತ ಬರೆದದ್ದು. ವಿಜಯ ಸಂವತ್ಸರ, ಆಶ್ವಯುಜ ಬಹುಳ ಚತುರ್ದಶಿ. ದೀಪಾವಳಿಯ ಎಣ್ಣೆಸ್ನಾನದ ದಿನ. ಕಿಟ್ಟಿ ಚಿದಂಬರನಿಗಿಂತ ಹನ್ನೆರಡು ದಿನ ದೊಡ್ಡವನು.

ತಲೆಯೆತ್ತಿ ನೋಡಿದಳು. ಜಯಲಕ್ಷ್ಮಿಯವರ ಕಣ್ಣು ಆ ಬೆರಳಿನ ಮೇಲೆಯೇ ನೆಟ್ಟಿತ್ತು. ಹಗ್ಗ ಹಿಡಿದ ಕೈ ನಡುಗುತ್ತಿತ್ತು, ಸಂಕ್ರಾಂತಿಯ ದಿನ ಬಾಗಿಲ ಸಂದಿನಲ್ಲಿ ನಡುಗಿದ ಹಾಗೆಯೇ. ಅಂದು ಅದು ಕೋಪವಾಗಿರಲಿಲ್ಲ. ಇವರೂ ತನ್ನಂತೆಯೇ ದಿನ ಎಣಿಸಿದ್ದಾರೆ, ಮನೆಯಲ್ಲಿ ಬಿಡಲು ಹೆದರಿಯೇ ನೋಟುಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಬಂದಿದ್ದಾರೆ. ತಾನು ಇವರ ಬಾಗಿಲಿಗೆ ಹೆದರಿದಷ್ಟೂ ಇವರು ತನ್ನ ಬಾಯಿಗೆ ಹೆದರಿದ್ದಾರೆ.

ಹಾಳೆ ತಿರುಗಿಸಿದರೆ ಸಾಕಾಗಿತ್ತು. ಗಂಡನ ನೌಕರಿ, ಮಗನ ಮುಖ, ತಲೆಯ ಮೇಲಿನ ಸೂರು, ಎಲ್ಲವೂ ಆ ಒಂದು ಹಾಳೆಯ ಆಚೆಗಿತ್ತು. ಆದರೆ ಆ ಕೈಯ ನಡುಕ ಯಾವ ನಡುಕವೆಂದು ಅವಳಷ್ಟು ಬಲ್ಲವರು ಆ ಡೇರೆಯಲ್ಲಿ ಬೇರೆ ಯಾರಿದ್ದರು? ವೇದಾವತಿ ನೋಟುಬುಕ್ಕು ಮುಚ್ಚಿ ಮೇಜಿನ ಮೇಲಿಟ್ಟಳು.

"ಹಾಗಾದರೆ ಹುಡುಗನ ಹೆಸರು ಹೊಡೆದುಹಾಕಿ," ಎಂದರು ನಾರಾಯಣಸ್ವಾಮಿಯವರು. "ಕಾರ್ಖಾನೆಗೂ ಬರೆಯಿರಿ. ನಾನೇ ಒಯ್ದು ಕೊಡ್ತೀನಿ."

"ಮರುಪುಟ ಓದಿಸಿ."

ಯಾರು ಹೇಳಿದ್ದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಅಷ್ಟು ಸಣ್ಣ ದನಿ.

"ಏನಂದೆ?" ಎಂದು ನಾರಾಯಣಸ್ವಾಮಿಯವರು ಹೆಂಡತಿಯ ಕಡೆ ಹೊರಳಿದರು.

ಜಯಲಕ್ಷ್ಮಿ ಗಂಡನನ್ನು ನೋಡಲಿಲ್ಲ. ಗುರುಜಿಯನ್ನು ನೋಡಿ, ತಮ್ಮ ಮುರುಕು ಹಿಂದಿಯಲ್ಲಿ, "ಉಸ್ಕಾ ಪೀಛೇಕಾ ಪನ್ನಾ," ಎಂದರು. "ಅದು ನಾನು ಬರೆದದ್ದು. ನಮ್ಮ ಮಗಂದು."

ಮುದ್ದಣ್ಣ ಓದಿದ. ಈ ಸಲ ಯಾವ ಅಕ್ಷರವೂ ಕಾಣದೆ ಹೋಗಲಿಲ್ಲ. ಓದಿ ಮುಗಿಸಿದಾಗ ನಾರಾಯಣಸ್ವಾಮಿಯವರ ಬಾಯಿ ತೆರೆದೇ ಇತ್ತು. "ಇಲ್ಲ, ಅವನದು ಜೂನ್ ಒಂದು. ನಮ್ಮಪ್ಪ ಶಾಲೆಗೆ ಸೇರಿಸಿದಾಗ ಜೂನ್..." ಎಂದು ಶುರುಮಾಡಿ, ತಾವೇ ಕೇಳಿಸಿಕೊಂಡು, ನಿಲ್ಲಿಸಿದರು. ಕಿಟ್ಟಿಯ ಅರ್ಜಿಯ ಮೇಲಿನ ಸಹಿ ಅವರದೇ.

ಗುರುಜಿ ಬಹಳ ಹೊತ್ತು ಎರಡು ಅರ್ಜಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಟೋಪಿ ತೆಗೆದು ತಲೆ ಸವರಿಕೊಂಡು, "ಮೀ ಪಣ ಏಕ ಜೂನಚಾ," ಎಂದರು. ನಾನೂ ಜೂನ್ ಒಂದರವನೇ.

ಮನ್ಮಥಪ್ಪನಿಗೆ ನಗು ಬರಬೇಕಾಗಿತ್ತು, ಬರಲಿಲ್ಲ. ಗುರುಜಿ ಎರಡೂ ಹೆಸರು ಹೊಡೆದುಹಾಕಿದರು. ದೂರಿನ ಕಾಗದವನ್ನು ಮಡಿಸಿ ನಾರಾಯಣಸ್ವಾಮಿಯವರ ಮುಂದೆ ಸರಿಸಿ, ಪತ್ರ ಬರೆಯುವುದಾದರೆ ಎರಡು ಬರೆಯಬೇಕು, ಏನು ಮಾಡಲಿ, ಎಂದು ಕೇಳಿದರು. ನಾರಾಯಣಸ್ವಾಮಿಯವರು ಕಾಗದವನ್ನು ಕಿಸೆಗಿಟ್ಟುಕೊಂಡರು. ಹೊರಗೆ ಸೀಟಿ ಊದಿತು.

ಪಂದ್ಯ ನಡೆಯಿತು. ಮನ್ಮಥಪ್ಪನ ಕಡೆ ಗೋಲಿನಲ್ಲಿ ನಿಂತದ್ದು ಎಂದೂ ಕೈಯಲ್ಲಿ ಚೆಂಡು ಹಿಡಿಯದ ಹುಡುಗ. ನಾಲ್ಕು ಗೋಲು ತಿಂದರು. ಗೆದ್ದವರು ಕುಣಿಯಲಿಲ್ಲ, ಸೋತವರು ಅಳಲಿಲ್ಲ. ಚಿದಂಬರ, ಕಿಟ್ಟಿ ಇಬ್ಬರಿಗೂ ಯಾವ ತಂಡದ ಬೆಂಚಿನ ಮೇಲೂ ಜಾಗವಿರಲಿಲ್ಲ. ಗೋಲಿನ ಹಿಂದೆ, ಬೇಲಿಗೆ ಒರಗಿ ಕೂತರು. ಮೊದಲು ಎರಡು ಮಾರು ದೂರ. ಪಂದ್ಯ ಮುಗಿಯುವ ಹೊತ್ತಿಗೆ ಹುಲ್ಲುಕಡ್ಡಿ ಕೀಳುತ್ತ ಒಬ್ಬರ ಬಳಿಗೊಬ್ಬರು ಬಂದಿದ್ದರು. ಏನು ಮಾತಾಡಿದರೋ ಯಾರಿಗೂ ಕೇಳಿಸಲಿಲ್ಲ.

ಹಿಂದಿರುಗುವಾಗ ಅದೇ ಸಾಲು, ಅದೇ ಬಸ್ಸು. ನಾರಾಯಣಸ್ವಾಮಿಯವರು ಮುಂದಿನ ಸೀಟಿನಲ್ಲಿ ಒಬ್ಬರೇ ಕೂತರು, ತೊಡೆಯ ಮೇಲೆ ನೋಟುಬುಕ್ಕು. ಜಯಲಕ್ಷ್ಮಿ ಅವರನ್ನು ದಾಟಿ, ಸಾಲು ಸಾಲು ಸೀಟು ಹಿಡಿದುಕೊಳ್ಳುತ್ತ ಹಿಂದೆ ಬಂದು ವೇದಾವತಿಯ ಪಕ್ಕದಲ್ಲಿ ಕೂತರು. ವೇದಾವತಿ ಅವರ ಕೈ ಹಿಡಿದಳು. ಆ ಕೈ ಬಾವಿಯ ಹಗ್ಗದಂತೆ ತಣ್ಣಗಿತ್ತು.

"ನೀವು ಹಾಳೆ ತಿರುಗಿಸ್ತೀರಿ ಅಂದ್ಕೊಂಡಿದ್ದೆ," ಎಂದರು ಜಯಲಕ್ಷ್ಮಿ.

"ನಾನೂ ಹಂಗ ಅಂದ್ಕೊಂಡಿದ್ದೆ ಜಯಕ್ಕ."

ವೈಜಾಪುರ ಹೋಯಿತು, ಯೇವಲೆ ಬಂತು. ಬಸ್ಸು ನಿಂತಾಗ ಹುಡುಗರು ಇಳಿದು ಶೇಂಗಾ ತಂದರು. ನಾರಾಯಣಸ್ವಾಮಿಯವರು ಎದ್ದು ನಿಂತರು. ಮನ್ಮಥಪ್ಪ ಬಾಯಿಗೆ ಹಾಕಿಕೊಳ್ಳಲಿದ್ದ ಶೇಂಗಾ ಕೈಯಲ್ಲಿಯೇ ಉಳಿಯಿತು. ಅವರು ನಿಧಾನವಾಗಿ ಹಿಂದೆ ಬಂದು ಹೆಂಡತಿಯ ಮುಂದೆ ನಿಂತರು. ವೇದಾವತಿಗೆ ಜಯಲಕ್ಷ್ಮಿಯವರ ಬೆರಳುಗಳು ತನ್ನ ಬೆರಳುಗಳನ್ನು ಬಿಗಿಯಾಗಿ ಹಿಡಿದದ್ದು ಗೊತ್ತಾಯಿತು.

"ಒಂದು ತಿಂಗಳಿಂದ ನಿನಗೆ ಗೊತ್ತಿತ್ತು," ಎಂದರು. ಗದರಿಸಿದ ದನಿಯಲ್ಲ, ನಿದ್ದೆಯಿಂದ ಎದ್ದವನ ದನಿ. "ನನಗೆ ಯಾಕೆ ಹೇಳಲಿಲ್ಲ?"

"ಹೆದರಿಕೆ ಆಯ್ತು."

"ಯಾರ ಹೆದರಿಕೆ? ಕಮಿಟಿಯವರದಾ?"

ಜಯಲಕ್ಷ್ಮಿ ತಲೆ ತಗ್ಗಿಸಿ ಕೂತರು. ಬಸ್ಸಿನಲ್ಲಿದ್ದ ಹುಡುಗರೆಲ್ಲ ನಾರಾಯಣಸ್ವಾಮಿಯವರನ್ನೇ ನೋಡುತ್ತಿದ್ದರು. ಉತ್ತರ ಅವರೆಲ್ಲರಿಗೂ ಗೊತ್ತಿತ್ತು. ಕಿಟ್ಟಿ ಮಾತ್ರ ಕಿಟಕಿಯ ಕಡೆ ಮುಖ ಮಾಡಿದ್ದ. ಶೇಂಗಾ ತಂದು ಅವನ ಪಕ್ಕದಲ್ಲಿಯೇ ಉಳಿದ ಚಿದಂಬರ, ಗೋಲಿನಲ್ಲಿ ನಿಂತಂತೆ, ಮೈ ಬಿಗಿಹಿಡಿದು ಕೂತಿದ್ದ.

ನಾರಾಯಣಸ್ವಾಮಿಯವರು ಅಷ್ಟು ಮುಖಗಳನ್ನೂ ಒಂದೊಂದಾಗಿ ನೋಡಿದರು. ನೋಟುಬುಕ್ಕನ್ನು ಹೆಂಡತಿಯ ಮಡಿಲಲ್ಲಿ ಇಟ್ಟು, ಇಟ್ಟ ಕೈ ತೆಗೆಯುವುದು ಮರೆತವರಂತೆ ಸ್ವಲ್ಪ ಹೊತ್ತು ನಿಂತು, ಮುಂದಕ್ಕೆ ಹೋಗಿ ಕೂತರು. ಬಸ್ಸು ಹೊರಟಿತು.

ಮಾರ್ಚಿಗೆ ಇನ್ನೂ ಒಂದು ತಿಂಗಳಿತ್ತು. ಆ ದೂರಿನ ಕಾಗದ ನಾರಾಯಣಸ್ವಾಮಿಯವರ ಕಿಸೆಯಲ್ಲಿಯೇ ಇತ್ತು. ಇನ್ನು ಎರಡು ತಾಸಿಗೆ ಕಾಲೊನಿಯ ನಿಲ್ದಾಣದಲ್ಲಿ ಗುರುನಾಥ ಕಾಯುತ್ತಿರುತ್ತಾನೆ. ಮೊದಲು ಅವಳ ಮುಖ ನೋಡುತ್ತಾನೆ. ಅವನಿಗೆ ಏನು ಹೇಳಬೇಕೆಂದು ವೇದಾವತಿ ಮನಸ್ಸಿನಲ್ಲಿಯೇ ಜೋಡಿಸಿದಳು, ತಪ್ಪಿದಳು, ಮತ್ತೆ ಮೊದಲಿನಿಂದ ಹಿಡಿದಳು. ಅಷ್ಟೂ ಹೊತ್ತು ಜಯಲಕ್ಷ್ಮಿಯವರ ಕೈ ಅವಳ ಕೈಯಲ್ಲಿಯೇ ಇತ್ತು. ಯಾರ ಕೈ ನಡುಗುತ್ತಿದೆ, ಯಾರದು ಹಿಡಿದಿದೆ ಎಂಬುದು ಅವರಿಬ್ಬರಿಗೂ ತಿಳಿಯುವಂತಿರಲಿಲ್ಲ.